ಒಂದು ಕಣ್ಣಿಲ್ಲ, ಇನ್ನೊಂದರಲ್ಲಿ ಮಂಜು: ಕೆಂಚಿಯನ್ನು ಮನೆಗೆ ತರಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಮಗನಿಗೆ 7 ವರ್ಷ. ನಾಯಿ ಬೇಕು ಅಂತ ಅವನದು ಬಹಳ ದಿನದ ಹಟ. ದುಡ್ಡು ಕೊಟ್ಟು ತರುವುದು ಬೇಡ, ಶೆಲ್ಟರ್‌ನಿಂದಲೇ ತರೋಣ ಅಂತ ಹೋದೆವು. ಅಲ್ಲಿ ಮರಿಗಳು ಬೇಕಾದಷ್ಟಿದ್ದವು. ಆದರೆ ಮಗನ ಕೈ ಮೂಸಿ, ಅವನ ಕಾಲಿಗೆ ಒರಗಿ ಕೂತವಳು ಕೆಂಚಿ. ಸುಮಾರು 3 ವರ್ಷದ ಹೆಣ್ಣು, ನಾಟಿ ನಾಯಿ. ಎಡಗಣ್ಣು ಪೂರ್ತಿ ಬತ್ತಿಹೋಗಿದೆ. ಬಲಗಣ್ಣಲ್ಲಿ ನೀಲಿ ಬೂದು ಮಂಜು. ಬೆಳಕಿದ್ದರೆ ಆಕಾರ ಕಾಣುತ್ತದೆ, ಕತ್ತಲಾದರೆ ತಡಕಾಡುತ್ತಾಳೆ ಅಂತ ಅಲ್ಲಿಯವರು ಹೇಳಿದರು. ಬೀದಿಯಲ್ಲಿ ಸಿಕ್ಕಿದ ನಾಯಿ, ಏನಾಗಿತ್ತೋ ಅವರಿಗೂ ಗೊತ್ತಿಲ್ಲ. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ, ಹೊರಗಡೆಯಿಂದ ಮೆಟ್ಟಿಲು. ನನ್ನ ಗಂಡ, ಕಣ್ಣು ಕಾಣದ ಪ್ರಾಣಿಯನ್ನು ಗೊತ್ತಿಲ್ಲದ ಜಾಗಕ್ಕೆ ತಂದು ಹಿಂಸೆ ಕೊಡೋದು ಬೇಡ ಅಂತಾರೆ. ಅತ್ತೆಗೆ, ಬೆಚ್ಚಿಬಿದ್ದು ಮಗುವನ್ನು ಕಚ್ಚೀತು ಅನ್ನುವ ಭಯ. ನಂದಿಬಟ್ಟಲು ಹೂವಿನ ನೀರು ಬಿಟ್ಟರೆ ಪೊರೆ ಹೋಗುತ್ತೆ ಅಂತ ಪಕ್ಕದ ಮನೆಯವರ ಸಲಹೆ. ಆಪರೇಷನ್ ಮಾಡಿಸಿದರೆ ಸರಿಹೋಗುತ್ತಾ? ಇರುವ ಅಷ್ಟು ದೃಷ್ಟಿಯೂ ಹೋದರೆ ಏನು ಗತಿ? ತರೋದು ಸರಿಯಾ, ತಪ್ಪಾ?

ಉತ್ತರ: ನಿಮ್ಮ ಮನೆಯ ಮೂವರೂ ಮೂರು ಬೇರೆ ಬೇರೆ ಮಾತು ಆಡುತ್ತಿದ್ದಾರೆ. ಆದರೆ ಮೂವರ ಮನಸ್ಸಿನಲ್ಲಿರುವುದೂ ಒಂದೇ ಕಾಳಜಿ. ಅವಳಿಗೂ ಕಷ್ಟ ಆಗಬಾರದು, ನಮಗೂ ಆಗಬಾರದು. ಇದು ನ್ಯಾಯವಾದ ಕಾಳಜಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ತರಬಹುದು. ಆದರೆ ಡಾಕ್ಟರ ಹತ್ತಿರ ಕಣ್ಣಿನ ಪರೀಕ್ಷೆ ಆಗುವವರೆಗೆ ತರಬೇಡಿ.

ಯಾಕೆ ಅಂದರೆ, ಇಂಥ ನಾಯಿಗಳನ್ನು ನೋಡಲು ಬರುವವರೆಲ್ಲ ಕೇಳುವುದು "ಇದಕ್ಕೆ ಎಷ್ಟು ಕಾಣುತ್ತೆ?" ಅಂತ. ನಾನು ಹೇಳುವುದು, ಆ ಪ್ರಶ್ನೆ ಆಮೇಲೆ. "ಯಾಕೆ ಕಾಣುತ್ತಿಲ್ಲ? ಆ ಕಣ್ಣಿನಲ್ಲಿ ಈಗ ನೋವಿದೆಯಾ?" ಇವೆರಡನ್ನು ಮೊದಲು ಕೇಳಿ. ಪೂರ್ತಿ ಕುರುಡಾಗಿದ್ದೂ ನೋವಿಲ್ಲದ ನಾಯಿ ಆರಾಮಾಗಿ ಬದುಕುತ್ತದೆ. ಅರ್ಧ ಕಂಡರೂ ಕಣ್ಣೊಳಗೆ ನೋವಿಟ್ಟುಕೊಂಡ ನಾಯಿಗೆ ದಿನವೂ ನರಕ. ಎರಡೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ.

ನಿಮ್ಮ ಗಂಡನ ಮಾತಿನಿಂದ ಶುರು ಮಾಡುತ್ತೇನೆ. ನಮಗೆ ಕಣ್ಣೇ ಪ್ರಪಂಚ. ಅದಿಲ್ಲದ ಬದುಕು ಅಂದರೆ ನಮಗೆ ಎದೆ ಝಲ್ಲೆನ್ನುತ್ತದೆ. ನಾಯಿಯ ಲೆಕ್ಕ ಹಾಗಲ್ಲ. ಮರಿ ಹುಟ್ಟುವಾಗಲೇ ಕಣ್ಣು ಮುಚ್ಚಿರುತ್ತದೆ. ತೆರೆಯುವುದು ಸುಮಾರು 10ರಿಂದ 14 ದಿನಕ್ಕೆ. ಕಿವಿ ತೆರೆಯುವುದು ಇನ್ನೂ ಸ್ವಲ್ಪ ತಡವಾಗಿ. ಅಲ್ಲಿಯವರೆಗೆ ತಾಯಿಯನ್ನು, ಮೊಲೆಯನ್ನು, ಬೆಚ್ಚನೆಯ ಜಾಗವನ್ನು ಅದು ಹುಡುಕಿಕೊಳ್ಳುವುದು ವಾಸನೆ ಮತ್ತು ಸ್ಪರ್ಶದಿಂದ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷ. ನಾಯಿಗೆ ಜಾತಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿವರೆಗೆ. ಕಣ್ಣಿನ ವಿಷಯದಲ್ಲಿ ಅದರ ಶಕ್ತಿ ಇರುವುದು ಚಲನೆ ಗುರುತಿಸುವುದರಲ್ಲಿ, ಮಬ್ಬುಗತ್ತಲಲ್ಲಿ ನೋಡುವುದರಲ್ಲಿ. ಸಣ್ಣ ವಿವರ ಕಾಣುವುದರಲ್ಲಿ, ಬಣ್ಣ ಗುರುತಿಸುವುದರಲ್ಲಿ ಆರೋಗ್ಯವಾದ ನಾಯಿಯೂ ನಮಗಿಂತ ಹಿಂದೆ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ ಮತ್ತು ಹಳದಿ. ಕೆಂಪು, ಹಸಿರು ಎಲ್ಲ ಮಂಕು ಮಂಕು.

ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ನಾವು ಬೆಂಕಿಪೊಟ್ಟಣ ಹುಡುಕಿಕೊಳ್ಳಲ್ವಾ? ಕೈ ತಾನಾಗಿಯೇ ಒಲೆಯ ಪಕ್ಕದ ಗೂಡಿಗೆ ಹೋಗುತ್ತದೆ. ನಾಯಿಗೂ ಹಾಗೇ ಒಂದು ಮನೆಯ ನಕ್ಷೆ ತಲೆಯಲ್ಲಿ ಕೂರುತ್ತದೆ. ಕೂರಲು ದಿನ ಬೇಕು, ಅಷ್ಟೇ. ನಿಧಾನವಾಗಿ ದೃಷ್ಟಿ ಕಳೆದುಕೊಂಡ ನಾಯಿಯ ಮನೆಯವರಿಗೆ ಎಷ್ಟೋ ಸಲ ಅದು ಗೊತ್ತೇ ಆಗಿರುವುದಿಲ್ಲ. ಮನೆ ಬದಲಾಯಿಸಿದಾಗಲೋ ಸೋಫಾ ಜಾಗ ಬದಲಿಸಿದಾಗಲೋ ನಾಯಿ ಢಿಕ್ಕಿ ಹೊಡೆದು, ಆಗ ಕ್ಲಿನಿಕ್‌ಗೆ ಕರೆದುಕೊಂಡು ಬರುತ್ತಾರೆ. ಪರೀಕ್ಷೆ ಮಾಡಿದರೆ ಎಷ್ಟೋ ತಿಂಗಳ ಹಿಂದೆಯೇ ಕಣ್ಣು ಹೋಗಿರುತ್ತದೆ.

ಆದರೆ ಗಂಡನ ಮಾತಿನಲ್ಲಿ ಒಂದು ಸತ್ಯ ಇದೆ. ಜಾಗ ಬದಲಾದಾಗ ಮೊದಲ ಕೆಲವು ವಾರ ನಿಜಕ್ಕೂ ಕಷ್ಟ. ಮೂಲೆ ಹಿಡಿದು ಕೂರಬಹುದು, ಊಟ ಬಿಡಬಹುದು, ರಾತ್ರಿ ಅಳಬಹುದು, ಗೊತ್ತಿದ್ದೂ ಒಳಗೇ ಉಚ್ಚೆ ಹೊಯ್ಯಬಹುದು. ಶೆಲ್ಟರ್‌ನಲ್ಲಿ ಅವಳಿಗೆ ತನ್ನ ಗೂಡು, ನೀರಿನ ತೊಟ್ಟಿ, ಬಾಗಿಲು ಎಲ್ಲ ಬಾಯಿಪಾಠ. ಅಲ್ಲಿನ ಧೈರ್ಯ ನೋಡಿ ನಿಮ್ಮ ಮನೆಯಲ್ಲೂ ಮೊದಲ ದಿನವೇ ಹಾಗೇ ಇರುತ್ತಾಳೆ ಅಂದುಕೊಳ್ಳಬೇಡಿ. ಹಾಗಂತ ಮೊದಲ ವಾರದ ಪೆಚ್ಚುಮೋರೆ ನೋಡಿ "ಇವಳಿಗೆ ಇಲ್ಲಿ ಹಿಂಸೆ ಆಗ್ತಿದೆ" ಅಂತ ತೀರ್ಮಾನಕ್ಕೂ ಬರಬೇಡಿ. ಇನ್ನೊಂದು ಮಾತು. ನಮ್ಮ ಮುಧೋಳ ನಾಯಿಯಂಥದ್ದು ಕಣ್ಣಿನಿಂದಲೇ ಬೇಟೆಯಾಡುವ ತಳಿ. ದೂರದಲ್ಲಿ ಏನೋ ಓಡಿದ್ದು ಕಂಡರೆ ಸಾಕು, ಹಿಂದೆ ಬೀಳುತ್ತದೆ. ಅಂಥ ನಾಯಿಗೆ ದೃಷ್ಟಿ ಮಂದವಾದಾಗ ಹೊಂದಿಕೊಳ್ಳಲು ಜಾಸ್ತಿ ಒದ್ದಾಡುವುದನ್ನು ನೋಡಿದ್ದೇನೆ. ನಾಟಿ ನಾಯಿಗಳು ಬೀದಿಯಲ್ಲಿ ಮೂಗು, ಕಿವಿ ಎರಡನ್ನೂ ಬಳಸಿ ಬದುಕಿ ಬಂದವು. ಅವು ಬೇಗ ದಾರಿ ಕಂಡುಕೊಳ್ಳುತ್ತವೆ.

ಈಗ ಕಣ್ಣಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಿಮ್ಮ ತೀರ್ಮಾನ ನಿಂತಿರುವುದು ಇದರ ಮೇಲೆ.

ಎಡಗಣ್ಣು ಬತ್ತಿದೆ ಅಂದಿರಿ. ದೊಡ್ಡ ಪೆಟ್ಟು ಬಿದ್ದೋ, ಒಳಗೆ ಸೋಂಕಾಗಿಯೋ ಕಣ್ಣುಗುಡ್ಡೆ ಕುಗ್ಗಿಹೋದಾಗ ಹೀಗಾಗುತ್ತದೆ. ಅದರಲ್ಲಿ ದೃಷ್ಟಿ ಮತ್ತೆ ಬರುವುದಿಲ್ಲ. ಬಹಳಷ್ಟು ಸಲ ಅದು ತೊಂದರೆಯನ್ನೂ ಕೊಡುವುದಿಲ್ಲ, ಸುಮ್ನೆ ಇರುತ್ತದೆ. ಆದರೆ ಗುಡ್ಡೆ ಕುಗ್ಗಿದ ಜಾಗದಲ್ಲಿ ರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲು ಉಜ್ಜುತ್ತಿದ್ದರೆ, ಪದೇ ಪದೇ ಕೀವು ಬರುತ್ತಿದ್ದರೆ, ಆ ಕಣ್ಣನ್ನು ತೆಗೆಸಿ ಹೊಲಿಸಿಬಿಡುವುದು ಒಳ್ಳೆಯದು. ಈ ಮಾತು ಕೇಳಿದ ಕೂಡಲೇ ಎಲ್ಲರ ಮುಖ ಸಣ್ಣಗಾಗುತ್ತದೆ. ನಮ್ಮ ಕಣ್ಣಿಗೆ ಅದು ಕ್ರೂರ ಅನಿಸುತ್ತದೆ. ನಾಯಿಗೆ ಅದು ನೋವಿನಿಂದ ಬಿಡುಗಡೆ. ಹೊಲಿಗೆ ಎರಡು ವಾರದಲ್ಲಿ ಮಾಗುತ್ತದೆ.

ಒಂದು ಮುದಿ ಪೊಮೆರೇನಿಯನ್ ನೆನಪಾಗುತ್ತದೆ. "ವಯಸ್ಸಾಯ್ತು ಡಾಕ್ಟ್ರೇ, ಯಾವಾಗಲೂ ಮಲಗಿರುತ್ತೆ, ಯಾರ ಹತ್ತಿರವೂ ಬರಲ್ಲ" ಅಂತ ಮನೆಯವರು ಹೇಳುತ್ತಿದ್ದರು. ಕಣ್ಣಿನ ಒತ್ತಡ ಅಳೆದರೆ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು. ದೃಷ್ಟಿ ಹೋಗಿದ್ದ ಆ ಕಣ್ಣನ್ನು ತೆಗೆದೆವು. ಹೊಲಿಗೆ ಬಿಚ್ಚಿಸಲು ಬಂದ ದಿನ ಅದು ನನ್ನ ಮೇಜಿನ ಮೇಲೆ ನಿಂತು ಬಾಲ ಅಲ್ಲಾಡಿಸುತ್ತ ಬಿಸ್ಕತ್ ಕೇಳುತ್ತಿತ್ತು. ಅದು ಮಲಗಿರುತ್ತಿದ್ದುದು ವಯಸ್ಸಾಗಿದ್ದಕ್ಕಲ್ಲ, ತಲೆನೋವಿಗೆ. ನಾಯಿಗಳು ಇಂಥ ನೋವಿಗೆ ಕುಯ್ಯೋ ಅನ್ನುವುದಿಲ್ಲ. ಸುಮ್ಮನಾಗುತ್ತವೆ.

ಬಲಗಣ್ಣೇ ಮುಖ್ಯ. ಅಲ್ಲಿಯ "ಮಂಜು" ನಾಲ್ಕೈದು ಬೇರೆ ಬೇರೆ ಕಾಯಿಲೆಯ ಗುರುತಾಗಿರಬಹುದು. ಒಂದೊಂದರ ಹಣೆಬರಹವೂ ಬೇರೆ.

7-8 ವರ್ಷ ದಾಟಿದ ನಾಯಿಗಳ ಕಣ್ಣು ನೀಲಿ ನೀಲಿಯಾಗಿ ಕಾಣುವುದು ಸಾಮಾನ್ಯ. ವಯಸ್ಸಿನಿಂದ ಕಣ್ಣಿನ ಮಸೂರ ಗಟ್ಟಿಯಾಗುವುದರಿಂದ ಆ ಬಣ್ಣ. ದೃಷ್ಟಿ ಅಷ್ಟೇನೂ ಕೆಡುವುದಿಲ್ಲ. ಜನ ಅದನ್ನೇ ಪೊರೆ ಅಂದುಕೊಂಡು ಗಾಬರಿಯಾಗುತ್ತಾರೆ. ಕೆಂಚಿಗೆ 3 ವರ್ಷ ಅಂದರೆ ಇದು ಅದಲ್ಲ.

ಕಣ್ಣಿನ ಮೇಲ್ಪದರದಲ್ಲಿ ಹಿಂದೆ ಹುಣ್ಣಾಗಿ, ಮಾಗಿ, ಕಲೆ ಉಳಿದಿರಬಹುದು. ಹಳ್ಳಿ ಕಡೆ ಇದನ್ನು ಕಣ್ಣಿಗೆ ಹೂವು ಬಿದ್ದಿದೆ ಅನ್ನುತ್ತಾರೆ. ಬೀದಿಯಿಂದ ಬಂದ ನಾಯಿಗಳಲ್ಲಿ ನಾನು ತುಂಬಾ ನೋಡುವುದು ಇದನ್ನೇ. ಮುಳ್ಳು, ಬೆಕ್ಕಿನ ಉಗುರು, ಕಲ್ಲೇಟು, ಏನಾದರೂ ಇರಬಹುದು. ಕಲೆ ಹಳೆಯದಾಗಿದ್ದರೆ ನೋವಿಲ್ಲ, ಬೆಳೆಯುವುದೂ ಇಲ್ಲ. ಕೆಂಚಿಗೆ ಇದಿದ್ದರೆ ನಾನು ಸಂತೋಷಪಡುತ್ತೇನೆ. ಇವತ್ತು ಎಷ್ಟು ಕಾಣುತ್ತದೋ ಇನ್ನು ಮುಂದೆಯೂ ಹೆಚ್ಚು ಕಡಿಮೆ ಅಷ್ಟೇ ಕಾಣುತ್ತದೆ.

ಕಣ್ಣೀರು ಒಣಗುವ ಕಾಯಿಲೆಯಲ್ಲೂ ಕಣ್ಣು ಮಸುಕಾಗುತ್ತದೆ, ಅಂಟು ಅಂಟಾದ ಪಿಸುರು ಕಟ್ಟುತ್ತದೆ. ರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಇಟ್ಟು 1 ನಿಮಿಷ ಕಾದು ಕಣ್ಣೀರು ಎಷ್ಟು ಇಳಿಯಿತು ಅಂತ ಅಳೆಯುತ್ತೇವೆ. ಸಾಮಾನ್ಯವಾಗಿ 15 ಮಿಲಿಮೀಟರ್‌ಗಿಂತ ಮೇಲೆ ಬರಬೇಕು. ಕಡಿಮೆಯಿದ್ದರೆ ಸೈಕ್ಲೋಸ್ಪೊರಿನ್ ಥರದ ಮುಲಾಮು ಹಚ್ಚಬೇಕು, ಸಾಮಾನ್ಯವಾಗಿ ಜೀವನಪೂರ್ತಿ. ಹಚ್ಚುತ್ತಿದ್ದರೆ ಚೆನ್ನಾಗಿರುತ್ತದೆ. ಬಿಟ್ಟರೆ ಮತ್ತೆ ಅದೇ ಕಥೆ.

ನಮ್ಮ ಕಡೆ ಮರೆಯಲೇಬಾರದ್ದು ಉಣ್ಣೆ ಜ್ವರ. ನಾಯಿ ಉಣ್ಣೆ ಕಚ್ಚಿ ಎರ್ಲಿಚಿಯಾ ಅನ್ನುವ ರೋಗಾಣು ರಕ್ತಕ್ಕೆ ಸೇರುತ್ತದೆ. ಜ್ವರ, ಸುಸ್ತು, ರಕ್ತದ ಪ್ಲೇಟ್‌ಲೆಟ್ ಇಳಿಯುವುದು ಎಲ್ಲರಿಗೂ ಗೊತ್ತು. ಅದು ಕಣ್ಣೊಳಗೂ ಉರಿಯೂತ ಎಬ್ಬಿಸುತ್ತದೆ, ಅಕ್ಷಿಪಟದಲ್ಲಿ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರದಲ್ಲಿ, ರಕ್ತ ಒಸರುತ್ತದೆ. ಬೇಗ ಹಿಡಿದರೆ 28 ದಿನದ ಡಾಕ್ಸಿಸೈಕ್ಲಿನ್ ಮಾತ್ರೆ, ಜೊತೆಗೆ ಕಣ್ಣಿಗೆ ಔಷಧಿ ಕೊಟ್ಟು ದೃಷ್ಟಿ ಉಳಿಸಬಹುದು. ತಡವಾದರೆ ಉರಿಯೂತ ಕಣ್ಣೊಳಗಿನ ನೀರು ಹೊರಹೋಗುವ ದಾರಿ ಕಟ್ಟಿ ಒತ್ತಡ ಏರುತ್ತದೆ, ಗ್ಲಾಕೋಮಾ ಆಗುತ್ತದೆ. ಅದು ವಿಪರೀತ ನೋವಿನದು. ಕೆಂಚಿಗೆ ರಕ್ತ ಪರೀಕ್ಷೆ ಮಾಡಿಸಿ ಅಂತ ಒತ್ತಾಯ ಮಾಡುವುದು ಇದಕ್ಕೇ.

ಕೊನೆಯದು ನಿಜವಾದ ಪೊರೆ, ಅಂದರೆ ಮಸೂರವೇ ಬೆಳ್ಳಗಾಗುವುದು. ಇದಕ್ಕೆ ಮಾತ್ರ ಆಪರೇಷನ್ ಪ್ರಯೋಜನಕ್ಕೆ ಬರುತ್ತದೆ. ಮನುಷ್ಯರಿಗೆ ಮಾಡುವಂತೆಯೇ ಪೊರೆಯನ್ನು ಪುಡಿಮಾಡಿ ಎಳೆದು ತೆಗೆಯುತ್ತಾರೆ. ಆದರೆ ಅದಕ್ಕೆ ಮುಂಚೆ ಅಕ್ಷಿಪಟ ಕೆಲಸ ಮಾಡುತ್ತಿದೆಯಾ ಅಂತ ಬೇರೆ ಪರೀಕ್ಷೆ ಆಗಬೇಕು. ಅದು ಸತ್ತಿದ್ದರೆ ಪೊರೆ ತೆಗೆದೂ ಉಪಯೋಗವಿಲ್ಲ. ಪ್ರಾಣಿಗಳ ಕಣ್ಣಿನ ಆಪರೇಷನ್ ಮಾಡುವವರು ನಮ್ಮಲ್ಲಿ ಕಡಿಮೆ. ಬೆಂಗಳೂರಿಗೆ ಹೋಗಬೇಕಾಗಬಹುದು. ಖರ್ಚು ದೊಡ್ಡದು. ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದಿನಕ್ಕೆ ಎಷ್ಟೋ ಸಲ ಹನಿ ಹಾಕಬೇಕು, ಕಣ್ಣು ಕೆರೆದುಕೊಳ್ಳದಂತೆ ಕೊರಳಿಗೆ ಕೋನ್ ಕಟ್ಟಬೇಕು. ಇರುವ ಒಂದೇ ಕಣ್ಣಿಗೆ ಅಪಾಯ ತೆಗೆದುಕೊಳ್ಳುತ್ತಿದ್ದೇವೆ ಅನ್ನುವುದೂ ನೆನಪಿರಲಿ. "ಆಪರೇಷನ್ ಮಾಡಿಸಿದರಾಯ್ತು" ಅನ್ನುವ ಲೆಕ್ಕದ ಮೇಲೆ ಅವಳನ್ನು ತರಬೇಡಿ. ಇವತ್ತು ಹೇಗಿದ್ದಾಳೋ ಹಾಗೇ ಒಪ್ಪಿಗೆಯಾದರೆ ತನ್ನಿ.

ಈ ಕತ್ತಲಲ್ಲಿ ತಡಕಾಡುವ ಮಾತಿಗೆ ಇನ್ನೊಂದು ಕಾರಣವೂ ಇರಬಹುದು. ಅಕ್ಷಿಪಟ ನಿಧಾನವಾಗಿ ಸವೆಯುವ ಒಂದು ಅನುವಂಶೀಯ ಕಾಯಿಲೆ ಶುರುವಾಗುವುದೇ ಇರುಳುಗುರುಡಿನಿಂದ. ಲ್ಯಾಬ್ರಡಾರ್, ಕಾಕರ್ ಸ್ಪಾನಿಯಲ್‌ಗಳಲ್ಲಿ ಕೇಳಿಬರುವುದು ಜಾಸ್ತಿ. ಔಷಧಿ ಇಲ್ಲ, ನೋವೂ ಇಲ್ಲ. ನಾಟಿ ನಾಯಿಯಲ್ಲಿ ನಾನು ಮೊದಲು ಅನುಮಾನಿಸುವುದು ಅದನ್ನಲ್ಲ. ಆದರೂ ಡಾಕ್ಟರು ಕಣ್ಣಿನ ಹಿಂಭಾಗ ನೋಡಲಿ.

ನಂದಿಬಟ್ಟಲು ನೀರು ಬೇಡ. ಜೇನು ಬೇಡ, ಹರಳೆಣ್ಣೆ ಬೇಡ, ಎದೆಹಾಲೂ ಬೇಡ. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಪೊರೆಯನ್ನಾಗಲಿ ಕಲೆಯನ್ನಾಗಲಿ ಕರಗಿಸುವ ಹನಿ ಯಾವುದೂ ಇಲ್ಲ. ಗಿಡದಿಂದ ಕಿತ್ತ ಹೂವಿನ ಜೊತೆ ಧೂಳು, ಶಿಲೀಂಧ್ರ ಕಣ್ಣಿಗೆ ಹೋಗುತ್ತದೆ. ಇದಕ್ಕಿಂತ ಅಪಾಯ, ಮನೆಯಲ್ಲಿ ಯಾರಿಗೋ ತಂದು ಉಳಿದ ಕಣ್ಣಿನ ಹನಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ನಾಯಿಯ ಕಣ್ಣಲ್ಲಿ ಹುಣ್ಣಿದ್ದರೆ, ಕೆಲವೇ ದಿನದಲ್ಲಿ ಹುಣ್ಣು ಆಳವಾಗಿ ಕಣ್ಣು ತೂತು ಬೀಳಬಹುದು. ಹುಣ್ಣಿದೆಯೋ ಇಲ್ಲವೋ ಅಂತ ನೋಡಲು ನಾವು ಒಂದು ಬಣ್ಣದ ಪಟ್ಟಿ ಮುಟ್ಟಿಸುತ್ತೇವೆ. ಹುಣ್ಣಿನ ಜಾಗ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಎರಡು ನಿಮಿಷದ ಕೆಲಸ. ಅದಿಲ್ಲದೆ ಯಾವ ಹನಿಯೂ ಬೇಡ.

ಎಷ್ಟು ಕಾಣುತ್ತದೆ ಅನ್ನುವುದನ್ನು ನೀವೇ ಶೆಲ್ಟರ್‌ನಲ್ಲಿ ನೋಡಬಹುದು. ಒಂದು ಹತ್ತಿಯುಂಡೆ ತೆಗೆದುಕೊಳ್ಳಿ. ಹತ್ತಿಯೇ ಯಾಕೆ ಅಂದರೆ ಬಿದ್ದರೆ ಸದ್ದಾಗುವುದಿಲ್ಲ, ವಾಸನೆಯೂ ಅಷ್ಟಿಲ್ಲ. ಅವಳ ಬಲಗಡೆ, ಮುಖದಿಂದ ಒಂದೆರಡು ಅಡಿ ದೂರದಲ್ಲಿ ಮೇಲಿನಿಂದ ಕೆಳಕ್ಕೆ ಬಿಡಿ. ಕಣ್ಣೋ ತಲೆಯೋ ಅದರ ಹಿಂದೆ ಹೋಗುತ್ತದಾ ನೋಡಿ. ಬಿಸಿಲಲ್ಲಿ ಒಮ್ಮೆ, ಬಾಗಿಲು ಹಾಕಿದ ಕೋಣೆಯ ಮಬ್ಬು ಬೆಳಕಲ್ಲಿ ಒಮ್ಮೆ ಮಾಡಿ. ಆಮೇಲೆ ಅವಳು ಓಡಾಡದ ಒಂದು ಜಾಗದಲ್ಲಿ ಒಂದೆರಡು ಬಕೆಟ್, ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟು ಆಚೆಯಿಂದ ಕರೆಯಿರಿ. ಕಣ್ಣ ಮುಂದೆ ಕೈ ಬೀಸಿ ನೋಡುವುದು ಬೇಡ. ಬೀಸಿದ ಗಾಳಿ ಮುಖಕ್ಕೆ ತಾಗಿದರೂ ನಾಯಿ ರೆಪ್ಪೆ ಮಿಟುಕಿಸುತ್ತದೆ, ಕಾಣುತ್ತದೆ ಅಂತ ನಾವು ಮೋಸಹೋಗುತ್ತೇವೆ. ಇದನ್ನು ಮಾಡುವಾಗಲೇ ನೋವಿನ ಗುರುತೂ ಗಮನಿಸಿ: ಕಣ್ಣು ಕಿರಿದು ಮಾಡುವುದು, ನೀರು ಸುರಿಯುವುದು, ಕೆಂಪು, ಮುಖವನ್ನು ನೆಲಕ್ಕೆ ಉಜ್ಜುವುದು, ಆ ಕಡೆ ತಲೆ ಮುಟ್ಟಲು ಹೋದರೆ ಸರಕ್ಕನೆ ಎಳೆದುಕೊಳ್ಳುವುದು.

ಅತ್ತೆಯವರ ಭಯಕ್ಕೆ ಬರೋಣ. ಕಣ್ಣು ಕಾಣದ ನಾಯಿ ಸ್ವಭಾವದಿಂದ ಕಚ್ಚುವ ನಾಯಿ ಅಲ್ಲ. ಆದರೆ ಗೊತ್ತಾಗದಂತೆ ಹತ್ತಿರ ಬಂದು ಮುಟ್ಟಿದರೆ ಬೆಚ್ಚುತ್ತದೆ, ಬೆಚ್ಚಿದಾಗ ಬಾಯಿ ಹಾಕಬಹುದು. ಮಲಗಿದ ಯಾವ ನಾಯಿಯೂ ಹಾಗೇ. ಕೆಂಚಿಗೆ ಎಡಗಡೆ ಪೂರ್ತಿ ಕತ್ತಲೆ ಆಗಿರುವುದರಿಂದ ಆ ಕಡೆಯಿಂದ ಅಪಾಯ ಜಾಸ್ತಿ. ಹಾಗಾಗಿ ಅತ್ತೆ ಹೇಳುವುದನ್ನು ತಳ್ಳಿಹಾಕಬೇಡಿ. ಅದನ್ನೇ ಮನೆಯ ಕಾನೂನು ಮಾಡಿ. ಮಗನಿಗೆ ಇಷ್ಟು ಕಲಿಸಿ: ಮೊದಲು ಹೆಸರು ಕರಿ, ಅವಳು ತಲೆ ಎತ್ತಲಿ, ಬಲಗಡೆಯಿಂದ ಹೋಗಿ ಕೈ ಮೂಸಲು ಕೊಡು, ಆಮೇಲೆ ಮುಟ್ಟು. ಮಲಗಿದ್ದಾಗ, ತಿನ್ನುವಾಗ ಮುಟ್ಟಲೇಬೇಡ. ತಬ್ಬಿಕೊಂಡು ಮುಖಕ್ಕೆ ಮುಖ ಒತ್ತಬೇಡ. 7 ವರ್ಷದ ಹುಡುಗ ಇದನ್ನು ಕಲಿಯುತ್ತಾನೆ, ಆದರೆ ಆಟದ ಭರದಲ್ಲಿ ಮರೆಯುತ್ತಾನೆ. ಮೊದಲ ಕೆಲವು ತಿಂಗಳು ದೊಡ್ಡವರು ಯಾರೂ ಇಲ್ಲದ ಕೋಣೆಯಲ್ಲಿ ಇಬ್ಬರನ್ನೇ ಬಿಡಬೇಡಿ. ಅವಳ ರೇಬೀಸ್ ಲಸಿಕೆಯ ಕಾಗದ ನಿಮ್ಮ ಕೈಯಲ್ಲಿರಲಿ. ಆದರೂ ಹಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಗೆಜ್ಜೆ ಕಟ್ಟುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಕಣ್ಣು ಕಾಣದ ನಾಯಿ ಎಲ್ಲಿದೆ ಅಂತ ತಿಳಿಯಲು ಅದರ ಕೊರಳಿಗೇ ಕಟ್ಟುತ್ತಾರೆ. ಬೇಡ. ಅವಳು ಬದುಕುವುದೇ ಕಿವಿಯಿಂದ. ಸದಾ ಕೊರಳಲ್ಲಿ ಘಲ್ ಘಲ್ ಅಂದರೆ ಬೇರೆ ಸದ್ದು ಹೇಗೆ ಕೇಳಬೇಕು? ಗೆಜ್ಜೆ ಕಟ್ಟುವುದಿದ್ದರೆ ಮಗನ ಕಾಲಿಗೆ ಕಟ್ಟಿ. ನಿಮ್ಮ ಅತ್ತೆಯ ಬಳೆ ಸದ್ದು, ನಡೆಯುವ ಚಪ್ಪಲಿಯ ಸದ್ದು ಅವಳಿಗೆ ಒಂದು ವಾರದಲ್ಲೇ ಗುರುತಾಗುತ್ತದೆ. ಮನೆಯಲ್ಲಿ ಸದ್ದಿಲ್ಲದೆ ಓಡಾಡುವವರಿಗೆ ಮಾತ್ರ ಮಾತಾಡುತ್ತ ಓಡಾಡಲು ಹೇಳಿ.

ನನಗೆ ನಿಜವಾಗಿ ಯೋಚನೆ ಇರುವುದು ನಿಮ್ಮ ಮೆಟ್ಟಿಲು. ಹೊರಗಿನ ಮೆಟ್ಟಿಲಿನ ಬದಿಯ ಕಂಬಿಗಳ ನಡುವೆ ನಾಯಿಯ ತಲೆ ತೂರುವಷ್ಟು ಸಂದಿ ಇದ್ದರೆ ಮೆಶ್ ಕಟ್ಟಿಸಿ. ಮೇಲ್ಗಡೆ ಒಂದು ಗೇಟ್ ಬೇಕೇ ಬೇಕು. ಬಾಡಿಗೆ ಮನೆ ಅಂದಿರಿ, ಅದಕ್ಕೆ ಮಾಲೀಕರನ್ನು ಮೊದಲೇ ಕೇಳಿ. ಅವರು ಒಪ್ಪದಿದ್ದರೆ ಕೆಂಚಿ ನಿಮ್ಮ ಮನೆಗೆ ಸರಿಹೋಗುವುದಿಲ್ಲ ಅಂತ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಮೆಟ್ಟಿಲು ಶುರುವಾಗುವ ಕಡೆ ಮೇಲೆ ಒಂದು, ಕೆಳಗೆ ಒಂದು ನಾರಿನ ಕಾಲೊರೆಸು ಹಾಕಿ, ಜಾರದಂತೆ ಅಂಟಿಸಿ. ನುಣುಪು ನೆಲದಿಂದ ಪಾದ ಆ ಒರಟಿಗೆ ತಾಗಿದ ಕೂಡಲೇ ಮೆಟ್ಟಿಲು ಬಂತು ಅಂತ ಅವಳಿಗೆ ತಿಳಿಯಬೇಕು. ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಅಂಟಿಸಿ, ಇರುವ ದೃಷ್ಟಿಗೆ ಅದು ಎದ್ದು ಕಾಣುತ್ತದೆ. ರಾತ್ರಿ ಅಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಹತ್ತಿಸಿ ಇಳಿಸುವುದನ್ನು ಒಂದೊಂದೇ ಮೆಟ್ಟಿಲಿನಂತೆ, ಕೈಯಲ್ಲಿ ತಿಂಡಿ ಹಿಡಿದು ಕಲಿಸಿ. "ಹತ್ತು", "ಇಳಿ", "ನಿಲ್ಲು" ಈ ಮೂರು ಮಾತು ಸಾಕು. ಮನೆಯವರೆಲ್ಲ ಅದೇ ಮಾತು ಬಳಸಬೇಕು. ಅವಳನ್ನು ಎತ್ತಿಕೊಂಡು ಹೋಗಿ ಎಲ್ಲೋ ನಡುವೆ ಇಳಿಸುವುದು ಮಾಡಬೇಡಿ, ತಾನು ಎಲ್ಲಿದ್ದೇನೆ ಅನ್ನುವುದೇ ಅವಳಿಗೆ ತಪ್ಪಿಹೋಗುತ್ತದೆ.

ಮನೆಯೊಳಗೆ ಮೊದಲು ಒಂದೇ ಕೋಣೆ ಕೊಡಿ. ನೀರು, ಹಾಸಿಗೆ ಎರಡೂ ಯಾವತ್ತೂ ಒಂದೇ ಜಾಗದಲ್ಲಿ. ಆ ಕೋಣೆ ಪಾಠವಾದ ಮೇಲೆ ಇನ್ನೊಂದು. ಅವಳ ಕಣ್ಣಿನ ಎತ್ತರಕ್ಕೆ ಬಗ್ಗಿ ಮನೆಯನ್ನು ಒಮ್ಮೆ ನೋಡಿ: ಟೀಪಾಯಿಯ ಮೂಲೆ, ಕುಂಡದ ಗುಲಾಬಿ ಮುಳ್ಳು, ತಂತಿಯ ತುದಿ. ಉಳಿದಿರುವುದು ಒಂದೇ ಕಣ್ಣು. ಹೊಸ್ತಿಲು ನಮ್ಮ ಮನೆಗಳಲ್ಲಿ ಎತ್ತರ ಇರುತ್ತದೆ, ಎರಡು ದಿನ ಎಡವುತ್ತಾಳೆ, ಆಮೇಲೆ ಸರಿಹೋಗುತ್ತಾಳೆ. ಕೆಳಗಡೆ ಸಂಪಿನ ಮುಚ್ಚಳ ಯಾವಾಗಲೂ ಮುಚ್ಚಿರಬೇಕು. ನೀರಿನ ಟ್ಯಾಂಕರ್ ಬಂದ ದಿನ ಅವಳು ಮೇಲೆಯೇ ಇರಲಿ. ಸಣ್ಣ ವಿಷಯ ಒಂದು: ಮಗ ಸ್ಕೂಲ್ ಬ್ಯಾಗನ್ನು ದಾರಿಯಲ್ಲಿ ಬಿಸಾಕುವುದು ನಿಲ್ಲಬೇಕು.

ವಾಕಿಂಗ್‌ಗೆ ಕೊರಳಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಕೊರಳು ಎಳೆದರೆ ಕಣ್ಣೊಳಗಿನ ಒತ್ತಡ ಏರುತ್ತದೆ. ಅವಳು ನಿಮ್ಮ ಬಲಗಡೆ ನಡೆಯಲಿ, ಆಗ ಕುರುಡು ಕಣ್ಣಿನ ಕಡೆ ನಿಮ್ಮ ಕಾಲಿರುತ್ತದೆ. ಬೀದಿ ನಾಯಿಗಳ ಬಗ್ಗೆ ಎಚ್ಚರ. ನಾಯಿಗಳು ಒಂದನ್ನೊಂದು ದೂರದಿಂದಲೇ ಬಾಲ, ಕಿವಿ, ನೋಟ ನೋಡಿ ಅಳೆಯುತ್ತವೆ. ಕೆಂಚಿಗೆ ಆ ಭಾಷೆ ಅರ್ಧ ಕಾಣುವುದಿಲ್ಲ. ಎದುರಿನದು ಗುರ್ ಅಂದಾಗಲೂ ಅವಳು ನೇರ ಅದರ ಮುಖಕ್ಕೆ ಹೋಗಿ ನಿಲ್ಲಬಹುದು, ಜಗಳ ಆಗಬಹುದು. ಬೀದಿ ನಾಯಿಗಳ ಗುಂಪು ಇಲ್ಲದ ದಾರಿ, ಹೊತ್ತು ನೋಡಿಕೊಳ್ಳಿ. "ಇನ್ನೊಂದು ನಾಯಿ ತಂದರೆ ದಾರಿ ತೋರಿಸುತ್ತೆ" ಅಂತ ಯಾರಾದರೂ ಹೇಳಿದರೆ ಈಗಲೇ ಕೇಳಬೇಡಿ. ಕೆಲವು ನಾಯಿಗಳು ತೋರಿಸುತ್ತವೆ, ಕೆಲವು ಅವಳ ತಟ್ಟೆ ಕಿತ್ತುಕೊಳ್ಳುತ್ತವೆ.

ಇರುವ ದೃಷ್ಟಿಯೂ ಹೋದರೆ ಅಂತ ಕೇಳಿದ್ದೀರಿ. ಹೋಗಬಹುದು. ಕಾರಣ ಏನು ಅಂತ ತಿಳಿಯದೆ ಅದನ್ನು ಇಲ್ಲ ಅನ್ನಲಾರೆ. ಆದರೆ ಅಷ್ಟರಲ್ಲಿ ಅವಳಿಗೆ ಮನೆ, ಮಾತು, ಮೆಟ್ಟಿಲು ಗೊತ್ತಾಗಿದ್ದರೆ ಆ ದಿನ ನಿಮಗೆ ಆಗುವಷ್ಟು ಆಘಾತ ಅವಳಿಗೆ ಆಗುವುದಿಲ್ಲ. ನೀವು ಕಾಯದೆ ಓಡಬೇಕಾದ್ದು ಒಂದೇ ಸಂದರ್ಭದಲ್ಲಿ: ಬಲಗಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ಮಂಜು ದಟ್ಟವಾಗಿ, ಅವಳು ಮಂಕಾದರೆ. ಗ್ಲಾಕೋಮಾ ಆಗಿದ್ದರೆ ದೃಷ್ಟಿ ಉಳಿಸಲು ಸಿಗುವುದು ಗಂಟೆಗಳ ಲೆಕ್ಕದ ಸಮಯ. ಬೆಳಿಗ್ಗೆ ನೋಡೋಣ ಅನ್ನಬೇಡಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಶೆಲ್ಟರ್‌ನವರನ್ನು ಕೇಳಿ ಅವಳ ಕಣ್ಣೀರಿನ ಅಳತೆ, ಬಣ್ಣದ ಪರೀಕ್ಷೆ, ಕಣ್ಣಿನ ಒತ್ತಡ, ಉಣ್ಣೆ ಜ್ವರಕ್ಕೆ ರಕ್ತ ಪರೀಕ್ಷೆ, ಇಷ್ಟನ್ನು ಮಾಡಿಸುತ್ತಿದ್ದೆ. ಖರ್ಚು ನಾವೇ ಕೊಡುತ್ತೇವೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹಳೆಯ ಕಲೆ ಅಂತಲೋ, ಔಷಧಿಗೆ ಹಿಡಿತಕ್ಕೆ ಬರುವಂಥದ್ದು ಅಂತಲೋ ಗೊತ್ತಾದರೆ, ದತ್ತು ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ತಿಂಗಳು ನೋಡಿಕೊಳ್ಳಲು ಕೊಡಿ ಅಂತ ಕೇಳಿ. ಎರಡು ವಾರಕ್ಕಿಂತ ಒಂದು ತಿಂಗಳು ಒಳ್ಳೆಯದು, ಮೊದಲೆರಡು ವಾರದಲ್ಲಿ ನಿಮಗೆ ಕಾಣುವುದು ಅವಳ ಭಯ ಮಾತ್ರ. ನೋವಿನ ಕಾಯಿಲೆ ಇದೆ, ದಿನಕ್ಕೆ ಮೂರು ಸಲ ಹನಿ ಹಾಕಬೇಕು ಅಂತಾದರೆ, ಮನೆಯಲ್ಲಿ ಹಗಲು ಯಾರು ಇರುತ್ತಾರೆ, ಯಾರು ಹಾಕುತ್ತಾರೆ ಅಂತ ಕೂತು ಮಾತಾಡಿ. ಆ ಕೆಲಸ ಅತ್ತೆಯ ತಲೆಗೇ ಬೀಳುವಂತಿದ್ದರೆ ಅವರ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ. ಆಗುವುದಿಲ್ಲ ಅನಿಸಿದರೆ ಅವಳ ಔಷಧಿ ಖರ್ಚು ವಹಿಸಿಕೊಂಡು, ಭಾನುವಾರ ಮಗನನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಅದೂ ಅವಳಿಗೆ ದೊಡ್ಡ ಉಪಕಾರವೇ, ಅದರಲ್ಲಿ ಸಂಕೋಚ ಪಡಬೇಕಾದ್ದು ಏನೂ ಇಲ್ಲ.

ದಸರೆಯ ಹೊತ್ತಿಗೆ ಮಾತ್ರ ತರಬೇಡಿ. ಮನೆ ತುಂಬ ನೆಂಟರು, ಅದು ಮುಗಿಯುತ್ತಿದ್ದಂತೆ ದೀಪಾವಳಿ ಪಟಾಕಿ. ಕಿವಿಯನ್ನೇ ನಂಬಿರುವ ನಾಯಿಗೆ ಹೊಸ ಮನೆಯಲ್ಲಿ ಅದಕ್ಕಿಂತ ಕೆಟ್ಟ ಆರಂಭ ಇಲ್ಲ. ದೀಪಾವಳಿ ಕಳೆದ ಮೇಲೆ, ನಿಮಗೆ ಅಥವಾ ನಿಮ್ಮ ಗಂಡನಿಗೆ ನಾಲ್ಕೈದು ದಿನ ರಜೆ ಸಿಗುವಾಗ ತನ್ನಿ. ಬರುವಾಗ ಶೆಲ್ಟರ್‌ನಲ್ಲಿ ಅವಳು ಮಲಗುತ್ತಿದ್ದ ಗೋಣಿಚೀಲವನ್ನು ಒಗೆಯದೆ ಹಾಗೇ ಕೇಳಿ ತೆಗೆದುಕೊಂಡು ಬಂದು, ಅವಳ ಮೂಲೆಯಲ್ಲಿ ಹಾಸಿ.